ಹರಿಯುವ ನೀರು, ಹೆತ್ತವರ ಭಯ

ಮಕ್ಕಳನ್ನು ಅಪಾಯದಿಂದ ದೂರವಿಡುವುದು ಪ್ರೀತಿಯೋ, ಅಪಾಯವನ್ನು ಎದುರಿಸಲು ಅವರನ್ನು ಸಿದ್ಧಗೊಳಿಸುವುದು ಪ್ರೀತಿಯೋ? ಹೆತ್ತವರನ್ನು ಕಾಡುವ ಹಳೆಯ ಪ್ರಶ್ನೆಗಳಲ್ಲಿ ಇದೂ ಒಂದು. ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿದ್ದಿದ್ದರೆ ಅದು ನಮ್ಮ ತಾತ ಮುತ್ತಾತಂದಿರ ಕಾಲಕ್ಕೇ ಬಗೆಹರಿಯುತ್ತಿತ್ತು. ಹಾಗಾಗಲಿಲ್ಲ. ಪ್ರತಿಯೊಂದು ತಲೆಮಾರೂ ಅದನ್ನು ಹೊಸದಾಗಿ ಕೇಳಿಕೊಳ್ಳಬೇಕಾಗಿದೆ.

ಪ್ರಿಯ ಓದುಗರೇ, ನಮ್ಮ ಕೇಶ್ವಾಪುರದ ಕುಟುಂಬವೊಂದನ್ನು ನೀವು ಕಲ್ಪಿಸಿಕೊಳ್ಳಿ. ತಂದೆ ರೈಲ್ವೆ ನೌಕರರು, ತಾಯಿ ಶಿಕ್ಷಕಿ. ಹದಿನೈದು ವರ್ಷದ ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಳೆ. ದಾಂಡೇಲಿಯ ಪ್ರವಾಸದಲ್ಲಿ ಕಾಳಿ ನದಿಯ ರಭಸದಲ್ಲಿ ಒಬ್ಬರೇ ಕುಳಿತು ಕಯಾಕ್ ನಡೆಸುವವರನ್ನು ಕಂಡು ಬಂದ ಅವಳು, “ಅಪ್ಪಾ, ನಾನೂ ಅದನ್ನ ಕಲೀತೀನಿ, ಕಳಸ್ರಿ” ಎಂದು ಕೇಳುತ್ತಾಳೆ. “ನೀರಿನ ಜೋಡಿ ಆಟ ಬ್ಯಾಡವ್ವಾ” ಎನ್ನುತ್ತಾರೆ ತಾಯಿ. “ಮೊದಲು ಪರೀಕ್ಷಾ ಮುಗೀಲಿ” ಎನ್ನುತ್ತಾರೆ ತಂದೆ. ಇಬ್ಬರ ಮಾತಿನಲ್ಲಿಯೂ ಪ್ರೀತಿಯಿದೆ, ಭಯವೂ ಇದೆ. ಎಲ್ಲಿ ಪ್ರೀತಿ ಮುಗಿದು ಎಲ್ಲಿ ಭಯ ಆರಂಭವಾಗುತ್ತದೆ ಎಂಬುದನ್ನು ಹೇಳುವುದು ಮಾತ್ರ ಸುಲಭವಲ್ಲ. ಈ ಲೇಖನದಲ್ಲಿ ನಾವು ಆ ಗೆರೆಯನ್ನು ಹುಡುಕೋಣ.

ಮೊದಲು ಅವಳು ಕೇಳುತ್ತಿರುವುದು ಏನನ್ನು ಎಂಬುದನ್ನು ತಿಳಿಯಬೇಕು. ಕಯಾಕ್ ಎಂದರೆ ಕಿರಿದಾದ ಸಣ್ಣ ದೋಣಿ. ಎರಡೂ ತುದಿಗಳಲ್ಲಿ ಅಲಗುಳ್ಳ ಒಂದೇ ಹುಟ್ಟಿನಿಂದ ಅದನ್ನು ನಡೆಸುತ್ತಾರೆ. ಉತ್ತರ ಧ್ರುವದ ಸಮೀಪದ ಇನುಯಿಟ್ ಜನರು ಬೇಟೆಗಾಗಿ ಪ್ರಾಣಿಗಳ ಚರ್ಮದಿಂದ ಇಂಥ ದೋಣಿಗಳನ್ನು ಕಟ್ಟುತ್ತಿದ್ದರು. ರಭಸದ ನದಿಗಳಲ್ಲಿ ಇಂದು ಬಳಸುವವು ಗಟ್ಟಿ ಪ್ಲಾಸ್ಟಿಕ್‌ನವು. ನೀರು ಒಳನುಗ್ಗದಂತೆ ಸೊಂಟದ ಸುತ್ತ ಹೊದಿಕೆಯೊಂದನ್ನು ಬಿಗಿದುಕೊಳ್ಳುತ್ತಾರೆ. ದೋಣಿ ಮಗುಚಿದರೆ ಅದರಿಂದ ಹೊರಬರದೆ, ಸೊಂಟವನ್ನು ತಿರುವಿ ಹುಟ್ಟಿನ ಆಸರೆಯಿಂದ ಮತ್ತೆ ಮೇಲೇಳುವ ವಿದ್ಯೆಯೊಂದಿದೆ. ಅದನ್ನು ‘ರೋಲ್’ ಎನ್ನುತ್ತಾರೆ. ನಿಂತ ನೀರಿನಲ್ಲಿ ಅದನ್ನು ಚೆನ್ನಾಗಿ ಅಭ್ಯಾಸಮಾಡದವರನ್ನು ತಿಳಿದ ಗುರುಗಳು ರಭಸದ ನೀರಿಗೆ ಇಳಿಸುವುದಿಲ್ಲ. ನದಿಯ ರಭಸಕ್ಕೂ 1ರಿಂದ 6ರವರೆಗೆ ದರ್ಜೆಗಳಿವೆ. ಒಂದನೆಯದು ಸಣ್ಣ ಅಲೆಗಳ ಹರಿವು, ಆರನೆಯದು ನುರಿತವರಿಗೂ ಪ್ರಾಣಾಪಾಯ. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರಿದ ರಭಸದ ನೀರಿನ ಸ್ಲಾಲಮ್ ಸ್ಪರ್ಧೆ, 1992ರ ನಂತರ ಪ್ರತಿ ಒಲಿಂಪಿಕ್ಸ್‌ನಲ್ಲಿಯೂ ನಡೆಯುತ್ತಿದೆ. ಅದರಲ್ಲಿ ತೂಗುಹಾಕಿದ ಕಂಬಗಳ ನಡುವೆ ದೋಣಿಯನ್ನು ನುಸುಳಿಸಬೇಕು. ಕಂಬವನ್ನು ಮುಟ್ಟಿದರೆ 2 ಸೆಕೆಂಡು ದಂಡ, ದ್ವಾರವನ್ನೇ ತಪ್ಪಿಸಿದರೆ 50 ಸೆಕೆಂಡು. ಇದು ಕೇವಲ ಹುಚ್ಚು ಸಾಹಸವಲ್ಲ, ಶಿಸ್ತನ್ನು ಬೇಡುವ ವಿದ್ಯೆ ಎಂಬುದಕ್ಕೆ ಇಷ್ಟು ಸಾಕು.

ಹುಬ್ಬಳ್ಳಿಯಲ್ಲಿ ಬೆಳೆದ ಮಗುವಿಗೆ ನದಿಯೆಂಬುದು ದೂರದ ಮಾತು. ನಮ್ಮ ನಲ್ಲಿಗೆ ಬರುವ ನೀರು ಸವದತ್ತಿಯ ಮಲಪ್ರಭಾ ಜಲಾಶಯದಿಂದಲೂ ನೀರಸಾಗರದಿಂದಲೂ ಬರುತ್ತದೆ. ಅದು ಬರುವ ದಿನವನ್ನು ಕಾಯುತ್ತಾ ಕೊಡ ತುಂಬಿಟ್ಟುಕೊಳ್ಳುವವರು ನಾವು. ಆದರೆ ಧಾರವಾಡ, ಹಳಿಯಾಳಗಳನ್ನು ದಾಟಿ ಕೆಲವೇ ಗಂಟೆ ಪಯಣಿಸಿದರೆ ದಾಂಡೇಲಿ, ಅದರಾಚೆ ಗಣೇಶಗುಡಿ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು, ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುವ ಕಾಳಿ ನದಿ ಇಲ್ಲಿ ಕಾಡಿನ ನಡುವೆ ಬಂಡೆಗಳ ಮೇಲೆ ಧುಮುಕುತ್ತದೆ. ಸೂಪಾ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಇಲ್ಲಿ ರಭಸವಿರುತ್ತದೆ, ನಿಲ್ಲಿಸಿದಾಗ ಬಂಡೆಗಳು ಮೇಲೆದ್ದು ಕಾಣುತ್ತವೆ. ನೆರೆಯ ಕೇರಳದ ಕೋಝಿಕೋಡ್ ಜಿಲ್ಲೆಯಲ್ಲಿ, ಕೋಡಂಚೇರಿಯ ಸುತ್ತಲಿನ ಚಾಲಿಪ್ಪುಳ, ಇರುವಂಜಿಪ್ಪುಳ ಹೊಳೆಗಳಲ್ಲಿ 2013ರಿಂದ ಮಳೆಗಾಲದ ಕಯಾಕ್ ಉತ್ಸವ ನಡೆಯುತ್ತಾ ಬಂದಿದೆ. ದೇಶವಿದೇಶದ ತರುಣರು ಅಲ್ಲಿಗೆ ಬರುತ್ತಾರೆ. ಹೀಗಿರುವಾಗ ನಮ್ಮ ಮಗಳ ಆಸೆ ಆಕಾಶದಿಂದ ಉದುರಿದ್ದಲ್ಲ.

ಹೆತ್ತವರ ಮೊದಲ ಭಯ ಪ್ರಾಣದ್ದು. ಇದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ರಜೆಯ ದಿನ ಕೆರೆಗೋ ಕ್ವಾರಿಗೋ ಈಜಲು ಹೋದ ಮಕ್ಕಳು ಮರಳಿ ಬಾರದ ಮನೆಗಳನ್ನು ನಾವು ಕಂಡಿದ್ದೇವೆ. ಆದರೆ ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಿಕೊಳ್ಳಬೇಕು. ಲೈಫ್ ಜಾಕೆಟ್, ಹೆಲ್ಮೆಟ್, ಗುರು, ದಡದಲ್ಲಿ ಹಗ್ಗ ಹಿಡಿದು ನಿಂತ ಜೊತೆಗಾರ ಇವೆಲ್ಲ ಇರುವ ನದಿಗೆ ಅಂಜುವ ನಾವು, ಪರವಾನಗಿಯೂ ಇಲ್ಲದ ಮಗನ ಕೈಗೆ ಸ್ಕೂಟರಿನ ಕೀಲಿ ಕೊಟ್ಟು ಗದಗ ರಸ್ತೆಗೆ ಕಳುಹಿಸುವಾಗ ಅಂಜುವುದಿಲ್ಲ. ಏಕೆ? ರಸ್ತೆ ನಮಗೆ ಪರಿಚಿತ, ನದಿ ಅಪರಿಚಿತ. ನಮ್ಮ ಭಯವು ಬಹಳ ಸಲ ಅಪಾಯವನ್ನು ಅಳೆಯುವುದಿಲ್ಲ, ಪರಿಚಯವನ್ನು ಅಳೆಯುತ್ತದೆ. ಭಯಪಡುವುದು ಪಾಪವಲ್ಲ. ಗೆತ್ಸೆಮನಿಯ ತೋಟದಲ್ಲಿ ಪ್ರಭು ಯೇಸುವೇ ತಲ್ಲಣಗೊಂಡರು. ಆದರೆ ಆ ತಲ್ಲಣ ಅಂದು ತೀರ್ಪು ಕೊಡಲಿಲ್ಲ. ನಮ್ಮ ಮನೆಗಳಲ್ಲಿಯೂ ಭಯವು ಸಾಕ್ಷಿಯಾಗಿ ಬರಲಿ, ನ್ಯಾಯಾಧೀಶನಾಗಿ ಕೂಡುವುದು ಬೇಡ.

ಇಲ್ಲಿ ಭಕ್ತರೊಬ್ಬರು ಕೇಳಬಹುದು: “ಜೀವ ದೇವರ ಕೊಡುಗೆಯಲ್ಲವೇ? ಅದನ್ನು ಬೇಕೆಂದೇ ಅಪಾಯಕ್ಕೆ ಒಡ್ಡುವುದು ದೇವರನ್ನು ಪರೀಕ್ಷಿಸಿದಂತಲ್ಲವೇ?” ಗಂಭೀರವಾದ ಆಕ್ಷೇಪಣೆಯಿದು. ದೇವಾಲಯದ ತುತ್ತತುದಿಯಿಂದ ಧುಮುಕು, ದೂತರು ಕಾಪಾಡುವರು ಎಂದು ಸೈತಾನನು ಪ್ರೇರೇಪಿಸಿದಾಗ ಯೇಸುಸ್ವಾಮಿ ನಿರಾಕರಿಸಿದರು. ದೇವರು ತನ್ನನ್ನು ಹಿಡಿದುಕೊಳ್ಳಲಿ ನೋಡೋಣ ಎಂದು ಧುಮುಕುವವನು ದೇವರನ್ನು ನಂಬುತ್ತಿಲ್ಲ, ದೇವರಿಂದ ಸಾಕ್ಷ್ಯ ಕೇಳುತ್ತಿದ್ದಾನೆ. ಈಜು ಬಾರದೆ, ಜಾಕೆಟ್ ತೊಡದೆ, ಗೆಳೆಯರ ಮೊಬೈಲಿನ ಕ್ಯಾಮೆರಾಕ್ಕಾಗಿ ಜಲಪಾತದ ಅಂಚಿಗೆ ಹೋಗುವ ತರುಣ ಆ ತುತ್ತತುದಿಯಲ್ಲಿಯೇ ನಿಂತಿದ್ದಾನೆ. ಆದರೆ ತಿಂಗಳುಗಟ್ಟಲೆ ಅಭ್ಯಾಸಮಾಡಿ, ನೀರನ್ನು ಓದಲು ಕಲಿತು, ತನ್ನ ಶಕ್ತಿಗೆ ತಕ್ಕ ಹರಿವನ್ನು ಆರಿಸಿಕೊಳ್ಳುವವಳು ದೇವರು ಕೊಟ್ಟ ಬುದ್ಧಿಯನ್ನೂ ದೇಹವನ್ನೂ ಬಳಸುತ್ತಿದ್ದಾಳೆ. ಹೊರಗಿನಿಂದ ನೋಡಿದರೆ ಇಬ್ಬರೂ ನೀರಿಗೆ ಇಳಿದವರೇ. ಒಳಗಿನಿಂದ ಅವರ ದಾರಿಗಳು ಬೇರೆ.

ಧೈರ್ಯವು ಹೇಡಿತನಕ್ಕೂ ದುಸ್ಸಾಹಸಕ್ಕೂ ನಡುವಿನ ಗುಣವೆಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲನು ಹೇಳಿದ್ದನು. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಇದನ್ನು ಒಪ್ಪಿಕೊಂಡು ಮತ್ತೊಂದು ಹೆಜ್ಜೆ ಮುಂದೆ ಹೋದರು. ಅವರ ಪ್ರಕಾರ ಧೈರ್ಯದ ಮುಖ್ಯ ಕಾರ್ಯ ಮುನ್ನುಗ್ಗುವುದಲ್ಲ, ತಾಳಿಕೊಳ್ಳುವುದು. ಅಪಾಯದ ನಡುವೆ ಕದಲದೆ ನಿಲ್ಲುವುದು ಆಕ್ರಮಣಕ್ಕಿಂತ ಕಠಿಣವಾದುದು ಎಂದರು ಅವರು. ನದಿಯೂ ಇದನ್ನೇ ಕಲಿಸುತ್ತದೆ. ದೋಣಿ ಮಗುಚಿ ತಲೆ ನೀರಿನೊಳಗಿರುವಾಗ ಹೊಸಬನ ಮೊದಲ ಪ್ರವೃತ್ತಿ ಗಾಬರಿಗೊಂಡು ಬಡಿದಾಡುವುದು. ಕಲಿತವಳು ಕ್ಷಣಕಾಲ ತಡೆಯುತ್ತಾಳೆ, ಹುಟ್ಟನ್ನು ಸರಿಯಾದ ಜಾಗಕ್ಕೆ ತರುತ್ತಾಳೆ, ಬಳಿಕ ಏಳುತ್ತಾಳೆ. ಉಸಿರು ಬಿಗಿಹಿಡಿದ ಆ ಕೆಲವು ಸೆಕೆಂಡುಗಳ ತಾಳ್ಮೆಯನ್ನು ಯಾವ ಉಪದೇಶವೂ ಕಲಿಸಲಾರದು.

ಈ ವಿದ್ಯೆಯ ಇನ್ನೊಂದು ಪಾಠ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕಠಿಣವಾದ ಇಳಿಜಾರು ಎದುರಾದಾಗ ನುರಿತವರು ದಡಕ್ಕೆ ಬಂದು, ದೋಣಿಯಿಂದಿಳಿದು, ಬಂಡೆಯ ಮೇಲೆ ನಿಂತು ಮುಂದಿನ ಹರಿವನ್ನು ಕಣ್ಣಾರೆ ನೋಡುತ್ತಾರೆ. ನೀರು ಎಲ್ಲಿ ನಾಲಿಗೆಯಂತೆ ಹರಿಯುತ್ತಿದೆ, ಎಲ್ಲಿ ಮರ ಬಿದ್ದು ಜಾಲರಿಯಂತೆ ತಡೆದಿದೆ, ಬಂಡೆಯ ಬೆನ್ನಿಗೆ ಎಲ್ಲಿ ಶಾಂತ ನೀರು ನಿಂತಿದೆ ಎಂದು ಗುರುತಿಸುತ್ತಾರೆ. ಸರಿಯೆನಿಸದಿದ್ದರೆ ದೋಣಿಯನ್ನು ಹೆಗಲ ಮೇಲೆ ಹೊತ್ತು, ಕಾಲ್ನಡಿಗೆಯಲ್ಲಿ ಆ ಜಾಗವನ್ನು ದಾಟುತ್ತಾರೆ. ಅದಕ್ಕಾಗಿ ಅವರನ್ನು ಯಾರೂ ಹಂಗಿಸುವುದಿಲ್ಲ. ಎದುರು ರೈಲು ಕಾಣದಿದ್ದರೂ ಕೆಂಪು ಸಿಗ್ನಲ್ಲಿಗೆ ಗಾಡಿಯನ್ನು ನಿಲ್ಲಿಸುವ ಲೋಕೋ ಪೈಲಟ್‌ನನ್ನು ಹೇಡಿಯೆಂದು ಕೇಶ್ವಾಪುರದ ಯಾವ ರೈಲ್ವೆ ಕುಟುಂಬ ಕರೆದೀತು? ನಿಲ್ಲಬೇಕಾದಲ್ಲಿ ನಿಲ್ಲುವುದೂ ಧೈರ್ಯವೇ ಎಂಬುದು ನಿಮಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತೇಳನೆಯ ಅಧ್ಯಾಯವನ್ನು ನೆನೆಯಿರಿ. ಕೈದಿಯಾಗಿ ರೋಮಿಗೆ ಹೊರಟಿದ್ದ ಸಂತ ಪೌಲರು, ಹವೆ ಕೆಡುವ ಕಾಲ ಬಂದಿದೆ, ಮುಂದೆ ಹೋಗುವುದು ಬೇಡವೆಂದು ಎಚ್ಚರಿಸಿದರು. ಶತಾಧಿಪತಿಯು ಹಡಗಿನ ಒಡೆಯನನ್ನೂ ನಾವಿಕನನ್ನೂ ನಂಬಿದನು. ಹೊರಡೋಣವೆಂಬುದೇ ಹೆಚ್ಚಿನವರ ಅಭಿಪ್ರಾಯವಾಯಿತು. ಹಡಗು ಒಡೆಯಿತು. ಅದರಲ್ಲಿದ್ದ 276 ಜನರೂ ದೇವರ ಕೃಪೆಯಿಂದ ದಡ ಸೇರಿದರೆಂಬುದು ಬೇರೆ ಮಾತು. ಹದಿಹರೆಯದವರು ಇದನ್ನು ಓದಬೇಕು. “ಎಲ್ಲರೂ ಹೊರಟಿದ್ದಾರೆ” ಎಂಬುದು ಹೊರಡಲು ಕಾರಣವಲ್ಲ. ಗೆಳೆಯರೆಲ್ಲರ ನಡುವೆ “ಇಂದು ನಾನು ಇಳಿಯುವುದಿಲ್ಲ” ಎಂದು ಹೇಳಬಲ್ಲ ಮಗಳು, ನಾಳೆ ಕಾಲೇಜಿನಲ್ಲಿಯೂ ಕೆಲಸದಲ್ಲಿಯೂ ಅದೇ ಮಾತನ್ನು ಬೇರೆ ಪ್ರಲೋಭನೆಗಳ ಎದುರು ಹೇಳಬಲ್ಲಳು. ಆ ಮಾತು ಬಾರದವಳು ಎಷ್ಟೇ ಚೆನ್ನಾಗಿ ದೋಣಿ ನಡೆಸಿದರೂ ಇನ್ನೂ ನದಿಗೆ ಸಿದ್ಧಳಾಗಿಲ್ಲ.

ಎರಡನೆಯ ಭಯ ಶಾಲೆಯದು. ಅಮೆರಿಕದಲ್ಲಿ ಪ್ರೌಢಶಾಲೆಯ ಕಯಾಕ್ ಪಟುಗಳಿಗೆಂದೇ ಸಂಚಾರಿ ಶಾಲೆ ನಡೆದದ್ದುಂಟು. ಮಕ್ಕಳೂ ಶಿಕ್ಷಕರೂ ಜೊತೆಯಾಗಿ ದೇಶದೇಶಗಳ ನದಿಗಳಿಗೆ ಪಯಣಿಸುತ್ತಿದ್ದರು. ದಿನದ ಒಂದು ಭಾಗ ಪಾಠ, ಇನ್ನೊಂದು ಭಾಗ ನದಿ. ನಮ್ಮಲ್ಲಿ ಅಂಥದ್ದು ದುಬಾರಿ ಕನಸು. ಎಸ್ಸೆಸ್ಸೆಲ್ಸಿಗೆ ಶೇಕಡಾ 75ರ ಹಾಜರಾತಿ ಬೇಕು. ಕ್ರೀಡೆಗಾಗಿ ಊರೂರು ತಿರುಗುವ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಪರೀಕ್ಷೆ ಬರೆಯುವ ದಾರಿಯಿದೆಯಾದರೂ, ಅದು ಅಪಾರ ಸ್ವಯಂಶಿಸ್ತನ್ನು ಬೇಡುವ ದಾರಿ. ಆದುದರಿಂದ “ಪರೀಕ್ಷೆ ಮುಗಿಯಲಿ” ಎಂಬ ತಂದೆಯ ಮಾತಿನಲ್ಲಿ ನ್ಯಾಯವಿದೆ. ನದಿಯ ಹೆಸರಿನಲ್ಲಿ ಪುಸ್ತಕವನ್ನು ಕೈಬಿಡುವುದು ಸ್ವಾತಂತ್ರ್ಯವಲ್ಲ.

ಆದರೆ ಆ ಮಾತು ನಿಜವಾಗಿಯೂ ಕಾಲವನ್ನು ಕೇಳುವ ಮಾತೋ, ಆಸೆ ತಾನಾಗಿ ಸಾಯಲಿ ಎಂದು ಮುಂದೂಡುವ ಮಾತೋ? ಎಸ್ಸೆಸ್ಸೆಲ್ಸಿಯ ನಂತರ ಪಿಯುಸಿ, ಅದರ ನಂತರ ಸಿಇಟಿ, ಅದರ ನಂತರ ಉದ್ಯೋಗ. ಮುಗಿಯಲಿ ಎಂದ ಪರೀಕ್ಷೆ ಮುಗಿಯುವುದೇ ಇಲ್ಲ. ಸಂತ ತೋಮಸರು ಆಟವನ್ನು ಕುರಿತು ಬರೆಯುವಾಗ ಒಂದು ಹಳೆಯ ಕಥೆಯನ್ನು ಹೇಳುತ್ತಾರೆ. ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಆಗ ಅವರು ಬಿಲ್ಲು ಹಿಡಿದಿದ್ದ ಒಬ್ಬನನ್ನು ಕರೆದು ಬಾಣ ಬಿಡಲು ಹೇಳಿದರು. ಅವನು ಮತ್ತೆ ಮತ್ತೆ ಬಿಟ್ಟ ಬಳಿಕ, ಹೀಗೆಯೇ ಬಿಡುತ್ತಾ ಹೋಗಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿದುಹೋದೀತು ಎಂದನವನು. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು. ಮುಂಜಾನೆ ಟ್ಯೂಷನ್, ಹಗಲು ಶಾಲೆ, ಸಂಜೆ ಮತ್ತೆ ಟ್ಯೂಷನ್ ಎಂದು ಹೆದೆಯೇರಿಸಿಯೇ ಇಟ್ಟ ಬಿಲ್ಲುಗಳು ನಮ್ಮ ಎಷ್ಟು ಮನೆಗಳಲ್ಲಿವೆ ಎಂಬುದನ್ನು ನೀವೇ ಬಲ್ಲಿರಿ.

ಮೂರನೆಯ ಭಯ ಪಯಣದ್ದು, ಸಹವಾಸದ್ದು. ಯಾರೊಡನೆ ಹೋಗುತ್ತಾಳೆ, ಎಲ್ಲಿ ತಂಗುತ್ತಾಳೆ, ಆದಿತ್ಯವಾರದ ಬಲಿಪೂಜೆ ಏನಾದೀತು? ಈ ಪ್ರಶ್ನೆಗಳನ್ನು ಕೇಳುವ ಹಕ್ಕೂ ಹೊಣೆಯೂ ಹೆತ್ತವರಿಗಿದೆ. ಮಗಳು ಹೋಗುವ ಮುನ್ನ ಆ ಗುರುಗಳನ್ನು ಕಾಣುವುದು, ತಂಗುವ ಜಾಗವನ್ನು ನೋಡಿಬರುವುದು ಅವಿಶ್ವಾಸವಲ್ಲ. ಅದು ದಡದಿಂದ ಹರಿವನ್ನು ನೋಡುವ ಕೆಲಸವೇ. ಇಲ್ಲಿ ಧರ್ಮಸಭೆಯ ಚರಿತ್ರೆಯಿಂದಲೇ ಒಂದು ಉದಾಹರಣೆಯಿದೆ. 1986ರ ಫೆಬ್ರವರಿಯಲ್ಲಿ ಮಂಗಳೂರಿಗೆ ಭೇಟಿಯಿತ್ತ ಜಗದ್ಗುರು ಎರಡನೆಯ ಜಾನ್ ಪಾಲರನ್ನು ನಮ್ಮಲ್ಲಿ ಹಿರಿಯರು ಕಂಡಿರಬಹುದು. ಅವರು ಕರೋಲ್ ವೊಯ್ತಿವಾ ಎಂಬ ತರುಣ ಗುರುವಾಗಿದ್ದಾಗ ಪೋಲೆಂಡಿನ ನದಿ ಸರೋವರಗಳಲ್ಲಿ ವಿದ್ಯಾರ್ಥಿಗಳನ್ನು ಕಯಾಕ್ ಪಯಣಕ್ಕೆ ಕರೆದೊಯ್ಯುತ್ತಿದ್ದರು. ಗುರುಗಳು ಯುವಜನರ ಸಂಘ ನಡೆಸುವುದನ್ನು ಅಂದಿನ ಕಮ್ಯುನಿಸ್ಟ್ ಆಡಳಿತ ಸಹಿಸುತ್ತಿರಲಿಲ್ಲ. ಆದುದರಿಂದ ಅವರು ನಿಲುವಂಗಿ ತೊಡದೆ ಹೋಗುತ್ತಿದ್ದರು. ಮಕ್ಕಳು ಅವರನ್ನು ‘ವುಯೆಕ್’ ಎಂದು, ಅಂದರೆ ನಮ್ಮ ಮಾತಿನಲ್ಲಿ ಮಾಮಾ ಎಂದು, ಕರೆಯುತ್ತಿದ್ದರು. ಮಗುಚಿಟ್ಟ ದೋಣಿಯೇ ಬಲಿಪೀಠ, ಎರಡು ಹುಟ್ಟುಗಳನ್ನು ಅಡ್ಡಕಟ್ಟಿದರೆ ಶಿಲುಬೆ. 1958ರ ಬೇಸಿಗೆಯಲ್ಲಿ ಅವರು ಇಂಥದೇ ಪಯಣದಲ್ಲಿದ್ದಾಗ ವಾರ್ಸಾದಿಂದ ಕರೆ ಬಂದಿತು. ಸಹಾಯಕ ಧರ್ಮಾಧ್ಯಕ್ಷರಾಗಿ ನೇಮಕಗೊಂಡ ಸುದ್ದಿಯನ್ನು ಅಲ್ಲಿ ಕೇಳಿ, ಅವರು ಮತ್ತೆ ಆ ತರುಣರ ಬಳಿಗೆ ಮರಳಿದರು. ಅವರಿಗೆ ನದಿಯು ಪ್ರಾರ್ಥನೆಯಿಂದ ತಪ್ಪಿಸಿಕೊಳ್ಳುವ ಜಾಗವಾಗಿರಲಿಲ್ಲ. ನಮ್ಮ ಯುವಜನರ ಪಯಣಗಳಲ್ಲಿ ಹಿರಿಯರು ಜೊತೆಗಿರಬೇಕೇ ಎಂಬ ಪ್ರಶ್ನೆಗೂ ಇದರಲ್ಲಿ ಉತ್ತರವಿದೆ: ಕಾವಲುಗಾರನಾಗಿಯಲ್ಲ, ತಾನೂ ಹುಟ್ಟು ಹಿಡಿದ ಮಾಮನಾಗಿ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ರೈಲು ಹಳಿಯ ಮೇಲೆ ನಡೆಯುವ ಗ್ಯಾಂಗ್‌ಮನ್, ಕಡಲಿಗೆ ಹೋಗುವ ಮೀನುಗಾರ ಅನ್ನಕ್ಕಾಗಿ ಅಪಾಯವನ್ನು ಎದುರಿಸುತ್ತಾರೆ. ರಕ್ತಸಾಕ್ಷಿಗಳು ವಿಶ್ವಾಸಕ್ಕಾಗಿ ಎದುರಿಸಿದರು. ಕೇವಲ ಸಂತೋಷಕ್ಕಾಗಿ ಎದುರಿಸುವುದು ಸರಿಯೇ? ಎಲ್ಲ ಎಚ್ಚರಿಕೆಯ ನಂತರವೂ ಸ್ವಲ್ಪ ಅಪಾಯ ಉಳಿಯುತ್ತದೆಯೆಂಬುದನ್ನು ಮರೆಮಾಚಬಾರದು. ನುರಿತವರೂ ನದಿಯಲ್ಲಿ ಪ್ರಾಣ ಬಿಟ್ಟಿದ್ದಾರೆ. ನನ್ನ ಉತ್ತರ ಇಷ್ಟು: ಸಂತೋಷವು ಸಣ್ಣ ಕಾರಣವಲ್ಲ, ಆದರೆ ಅದು ಎಂಥ ಸಂತೋಷ ಎಂದು ಕೇಳಬೇಕು. ತನ್ನನ್ನು ತೋರಿಸಿಕೊಳ್ಳುವ ಸಂತೋಷಕ್ಕೆ ಒಂದು ಹನಿ ಅಪಾಯವೂ ಹೆಚ್ಚು. ಸೃಷ್ಟಿಯ ನಡುವೆ ತಾನು ಚಿಕ್ಕವಳು, ಆದರೂ ಕರೆಯಲ್ಪಟ್ಟವಳು ಎಂಬ ಅರಿವನ್ನು ಕೊಡುವ ಸಂತೋಷ ಬೇರೆ. ಅದರ ಗುರುತು ಅದು ಮನುಷ್ಯನನ್ನು ಎಲ್ಲಿಗೆ ಮರಳಿಸುತ್ತದೆ ಎಂಬುದರಲ್ಲಿದೆ. 1925ರಲ್ಲಿ 24ನೆಯ ವಯಸ್ಸಿಗೆ ತೀರಿಕೊಂಡ, 2025ರ ಸೆಪ್ಟೆಂಬರ್ 7ರಂದು ಸಂತಪದವಿಗೇರಿದ ಪಿಯೆರ್ ಜೋರ್ಜೊ ಫ್ರಸ್ಸಾತಿಯವರು ಆಲ್ಪ್ಸ್ ಪರ್ವತಗಳನ್ನು ಹತ್ತುತ್ತಿದ್ದರು. ಹತ್ತಿ ಇಳಿದವರು ತುರಿನ್ ನಗರದ ಬಡವರ ಓಣಿಗಳಿಗೆ ಹೋಗುತ್ತಿದ್ದರು. ಪರ್ವತ ಅವರನ್ನು ಬಡವರಿಂದ ದೂರ ಒಯ್ಯಲಿಲ್ಲ.

ಈ ಮಾತು ಕಾಳಿ ನದಿಗೆ ವಿಶೇಷವಾಗಿ ಸಲ್ಲುತ್ತದೆ. ಗಣೇಶಗುಡಿಯ ರಭಸವನ್ನು ಆಳುವುದು 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಅದರ ಹಿನ್ನೀರಿನಡಿಯಲ್ಲಿ ಸೂಪಾ ಎಂಬ ಊರು ಮುಳುಗಿದೆ. ಒಂದು ಕಾಲಕ್ಕೆ ತಾಲೂಕು ಕೇಂದ್ರವಾಗಿದ್ದ ಊರದು. ಸುತ್ತಲಿನ ಹಳ್ಳಿಗಳ ಜನ ಹೊಲಮನೆ ಬಿಟ್ಟು ಹೋದರು. ಅವರು ತೆತ್ತ ಬೆಲೆಯಿಂದ ರಾಜ್ಯದ ಮನೆಗಳಲ್ಲಿ ದೀಪ ಉರಿಯುತ್ತದೆ, ಪ್ರವಾಸಿಗಳಿಗೆ ಆಟದ ನೀರು ಸಿಗುತ್ತದೆ. ನದಿಗೆ ಹೋಗುವ ನಮ್ಮ ಮಗಳು ಇದನ್ನು ತಿಳಿದಿರಲಿ. ದಡದ ಹಳ್ಳಿಯ ಮಕ್ಕಳ ಹೆಸರು ಕೇಳಿ ತಿಳಿದುಕೊಳ್ಳಲಿ. ತಾನು ಬಿದ್ದರೆ ತನಗಾಗಿ ನೀರಿಗೆ ಹಾರುವವನು ಆ ಹಳ್ಳಿಗಳವನೇ ಆಗಿರಬಹುದು, ಅವನಿಗೂ ಒಬ್ಬ ತಾಯಿಯಿದ್ದಾಳೆ ಎಂಬುದನ್ನು ನೆನಪಿಡಲಿ. ನಾವು ಎದುರಿಸುವ ಅಪಾಯ ಎಂದೂ ನಮ್ಮೊಬ್ಬರದೇ ಆಗಿರುವುದಿಲ್ಲ.

ಕೊನೆಗೆ ಸಂತ ಲೂಕರು ಬರೆದ ಶುಭಸಂದೇಶದ ಎರಡನೆಯ ಅಧ್ಯಾಯಕ್ಕೆ ಬರೋಣ. ಹನ್ನೆರಡು ವರ್ಷದ ಯೇಸು ಜೆರುಸಲೇಮಿನಲ್ಲಿ ಉಳಿದುಬಿಟ್ಟಾಗ ಮರಿಯಮ್ಮನವರೂ ಜೋಸೆಫರೂ ಮೂರು ದಿನ ಕಂಗಾಲಾಗಿ ಹುಡುಕಿದರು. ಸಿಕ್ಕಿದಾಗ ತಾಯಿ ತನ್ನ ಸಂಕಟವನ್ನು ನುಂಗಿಕೊಳ್ಳಲಿಲ್ಲ, ಕೇಳಿಯೇಬಿಟ್ಟರು. ಮಗನ ಉತ್ತರ ಅವರಿಗೆ ಅರ್ಥವಾಗಲಿಲ್ಲ. ಆದರೂ ಆ ಮಾತನ್ನು ತಳ್ಳಿಹಾಕದೆ ತಾಯಿ ಹೃದಯದಲ್ಲಿಟ್ಟುಕೊಂಡರು. ಮಗನು ಅವರೊಡನೆ ನಜರೇತಿಗೆ ಮರಳಿ ಅವರಿಗೆ ವಿಧೇಯನಾಗಿದ್ದನು. ಮಕ್ಕಳಲ್ಲಿ ನಮಗೆ ಅರ್ಥವಾಗದ ಒಂದು ಕರೆ ಇರಬಹುದೆಂಬುದನ್ನು ಹೆತ್ತವರು ಇಲ್ಲಿ ಕಲಿಯಬೇಕು. ಕರೆಯಿದ್ದರೂ ಮನೆಗೆ ಮರಳಿ ವಿಧೇಯರಾಗಿರುವುದು ಕುಂದಲ್ಲವೆಂಬುದನ್ನು ಮಕ್ಕಳು ಕಲಿಯಬೇಕು.

ಆದುದರಿಂದ, ಓದುಗರೇ, ನಿಮ್ಮ ಮನೆಯಲ್ಲಿ ಇಂಥ ಪ್ರಶ್ನೆ ಬಂದರೆ, ಅದು ನದಿಯದಿರಲಿ, ಬೆಟ್ಟದ್ದಿರಲಿ, ದೂರದ ಊರಿನ ಕೆಲಸದ್ದಿರಲಿ, ಕೂಡಲೇ ಹೂಂ ಎನ್ನಬೇಡಿ, ಕೂಡಲೇ ಬೇಡವೆಂದೂ ಅನ್ನಬೇಡಿ. ನಾಲ್ಕು ವಿಷಯಗಳನ್ನು ಮಕ್ಕಳೊಡನೆ ಕೂತು ವಿಚಾರಿಸಿ. ಇದು ತೋರಿಕೆಗೋ, ಒಲವಿಗೋ? ಕಲಿಯುವ ತಾಳ್ಮೆ ಇದೆಯೋ? ಬೇಡವೆನಿಸಿದಾಗ ಹಿಂದೆ ಸರಿಯುವ ಧೈರ್ಯವಿದೆಯೋ? ಇದರ ಬೆಲೆಯನ್ನು ತೆರುವವರು ಯಾರು? ನಾಲ್ಕಕ್ಕೂ ನೇರವಾದ ಉತ್ತರ ಸಿಕ್ಕಿದರೆ, ಉಳಿದ ಭಯವನ್ನು ಪ್ರಾರ್ಥನೆಯಲ್ಲಿ ದೇವರಿಗೊಪ್ಪಿಸಿ ಮಗುವನ್ನು ಆಶೀರ್ವದಿಸಿ ಕಳುಹಿಸಿ. ಸಿಗದಿದ್ದರೆ ಕಾಯಿರಿ, ಕಾಯುವ ಕಾರಣವನ್ನು ಮಗುವಿಗೆ ಬಿಡಿಸಿ ಹೇಳಿ. ಎರಡರಲ್ಲಿ ಯಾವುದನ್ನು ಮಾಡಿದರೂ ಮಕ್ಕಳು ನಮ್ಮ ಸ್ವತ್ತಲ್ಲ, ನಮ್ಮ ಕೈಗೆ ಕೆಲವು ಕಾಲ ಒಪ್ಪಿಸಲಾದವರು ಎಂಬುದನ್ನು ಮಾತ್ರ ಮರೆಯದಿರೋಣ.